ಸಸ್ಯಾಹಾರದ ಮನೆಯೂ ರಕ್ತದ ಕೊಬ್ಬೂ

ಮನುಷ್ಯನನ್ನು ಬಾಧಿಸುವ ವ್ಯಾಧಿಗಳಲ್ಲಿ ಕೆಲವು ಕೂಗಿಕೊಂಡು ಬರುತ್ತವೆ, ಕೆಲವು ಸದ್ದಿಲ್ಲದೆ ಬರುತ್ತವೆ. ಜ್ವರ ಬಂದರೆ ಮೈ ಕಾಯುತ್ತದೆ; ಹಲ್ಲು ಹುಳುಕಾದರೆ ರಾತ್ರಿಯ ನಿದ್ದೆ ಕೆಡುತ್ತದೆ. ರಕ್ತದಲ್ಲಿ ಕೊಲೆಸ್ಟರಾಲ್ ಏರಿದಾಗಲಾದರೋ ನೋವಿಲ್ಲ, ದಣಿವಿಲ್ಲ, ಮುಖದ ಕಳೆ ಕುಂದುವುದೂ ಇಲ್ಲ. ಹತ್ತಿಪ್ಪತ್ತು ವರ್ಷಗಳ ಕಾಲ ಅದು ರಕ್ತನಾಳಗಳ ಒಳಗೋಡೆಯಲ್ಲಿ ಪದರ ಪದರವಾಗಿ ಸೇರಿಕೊಂಡು, ಒಂದು ದಿನ ಹೃದಯಾಘಾತವಾಗಿಯೋ ಪಾರ್ಶ್ವವಾಯುವಾಗಿಯೋ ತನ್ನ ಇರವನ್ನು ತಿಳಿಸುತ್ತದೆ. ಇಂಥ ಸಂಚಿಕೆಗಳ ಶ್ರದ್ಧಾಂಜಲಿಯ ಪುಟಗಳಲ್ಲಿ, ನಿವೃತ್ತಿಯ ವಯಸ್ಸನ್ನು ಕಾಣುವ ಮೊದಲೇ ಅಗಲಿದ ಅಧ್ಯಾಪಕರ ಮತ್ತು ಹಳೆಯ ವಿದ್ಯಾರ್ಥಿಗಳ ಹೆಸರುಗಳು ಬರುವುದುಂಟು. ಆದುದರಿಂದ ಈ ವಿಷಯದ ವಿಚಾರವು ವೈದ್ಯರಿಗಷ್ಟೇ ಮೀಸಲಾಗಬೇಕಾದುದಲ್ಲ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಅನೇಕ ಸಂಸಾರಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮಾಂಸ, ಮೊಟ್ಟೆಗಳನ್ನು ಮುಟ್ಟದ ಮನೆಗೆ ಕೊಲೆಸ್ಟರಾಲಿನ ಭಯವಿಲ್ಲ ಎಂಬುದೇ ಆ ನಂಬಿಕೆ. ಇದರಲ್ಲಿ ಅರ್ಧ ಸತ್ಯವಿದೆ. ಸಸ್ಯಗಳಲ್ಲಿ ಕೊಲೆಸ್ಟರಾಲ್ ಇಲ್ಲವೆಂಬಷ್ಟು ಅಲ್ಪ. ಅದು ಪ್ರಾಣಿಜನ್ಯ ಆಹಾರದಲ್ಲಿಯೇ ಇರುವಂಥದು. ಆದರೆ ಉಳಿದರ್ಧವನ್ನು ಅರಿಯದೆ ಹೋದುದರಿಂದಲೇ ಎಷ್ಟೋ ಮಂದಿ ಪರೀಕ್ಷೆಯ ಗೋಜಿಗೆ ಹೋಗದೆ ಉಳಿದಿದ್ದಾರೆ. ಆ ಉಳಿದರ್ಧವನ್ನು ತಿಳಿಯಬೇಕಾದರೆ ಕೊಲೆಸ್ಟರಾಲ್ ಎಂಬುದು ಏನೆಂಬುದನ್ನು ಮೊದಲು ನೋಡಬೇಕು.

ಹದಿನೆಂಟನೆಯ ಶತಮಾನದಲ್ಲಿ ಪಿತ್ತಕೋಶದ ಕಲ್ಲುಗಳಲ್ಲಿ ಕಂಡುಬಂದ ಮೇಣದಂಥ ವಸ್ತುವಿಗೆ 1815ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೂಲ್ ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಖೋಲೆ’ ಎಂದರೆ ಪಿತ್ತ, ‘ಸ್ಟೀರಿಯೋಸ್’ ಎಂದರೆ ಗಟ್ಟಿಯಾದುದು. ಇದು ವಿಷವಲ್ಲ. ದೇಹದ ಪ್ರತಿಯೊಂದು ಜೀವಕೋಶದ ಹೊದಿಕೆಗೂ, ಪಿತ್ತರಸಕ್ಕೂ, ಹಲವು ಹಾರ್ಮೋನುಗಳಿಗೂ, ಬಿಸಿಲಿನಲ್ಲಿ ಚರ್ಮವು ತಯಾರಿಸಿಕೊಳ್ಳುವ ‘ಡಿ’ ಜೀವಸತ್ವಕ್ಕೂ ಇದೇ ಮೂಲದ್ರವ್ಯ. ಇಷ್ಟು ಅಗತ್ಯವಾದ ವಸ್ತುವನ್ನು ದೇಹವು ಊಟದೆಲೆಯ ಭರವಸೆಗೆ ಬಿಟ್ಟಿಲ್ಲ. ತನಗೆ ಬೇಕಾದುದರ ಬಹುಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಕೆಲಸದಲ್ಲಿ ಯಕೃತ್ತಿನದೇ ಮುಖ್ಯ ಪಾತ್ರ.

ಕೊಬ್ಬು ನೀರಿನಲ್ಲಿ ಕರಗದು. ರಕ್ತವಾದರೋ ನೀರಿನ ಗುಣದ್ದು. ಆದುದರಿಂದ ಕೊಲೆಸ್ಟರಾಲ್ ಸಸಾರಜನಕದ ಹೊದಿಕೆಯುಳ್ಳ ಸಣ್ಣ ಸಣ್ಣ ಕಣಗಳಲ್ಲಿ ಕುಳಿತು ಪಯಣಿಸುತ್ತದೆ. ಎಲ್‌ಡಿಎಲ್ ಎಂಬ ಕಣಗಳು ಅದನ್ನು ಅಂಗಾಂಗಗಳಿಗೆ ಒಯ್ಯುತ್ತವೆ. ಹೆಚ್ಚಾದಾಗ ನಾಳದ ಗೋಡೆಯೊಳಕ್ಕೆ ನುಸುಳಿ ಅಲ್ಲಿಯೇ ಬೀಡುಬಿಡುತ್ತವೆ. ಎಚ್‌ಡಿಎಲ್ ಕಣಗಳು ಹೆಚ್ಚಾದುದನ್ನು ಮರಳಿ ಯಕೃತ್ತಿಗೆ ತರುತ್ತವೆ. ಯಕೃತ್ತಿನ ಮೇಲ್ಮೈಯಲ್ಲಿ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುವ ಗ್ರಾಹಕಗಳಿವೆ. ಇವುಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಗ್ರಾಹಕಗಳು ಚುರುಕಾಗಿದ್ದರೆ ರಕ್ತ ತಿಳಿಯಾಗಿರುತ್ತದೆ. ಮಂದವಾದರೆ ಎಲ್‌ಡಿಎಲ್ ಏರುತ್ತದೆ.

ಸಸ್ಯಾಹಾರಿಯ ಮನೆಗೆ ಸಂಬಂಧಿಸಿದ ಉಳಿದರ್ಧ ಸತ್ಯವು ಇಲ್ಲಿದೆ. ಈ ಗ್ರಾಹಕಗಳನ್ನು ಮಂದಗೊಳಿಸುವುದು ಆಹಾರದಲ್ಲಿನ ಕೊಲೆಸ್ಟರಾಲಿಗಿಂತ ಹೆಚ್ಚಾಗಿ ಪರ್ಯಾಪ್ತ ಕೊಬ್ಬು, ಅಂದರೆ ತಂಪಿನಲ್ಲಿ ಹೆಪ್ಪುಗಟ್ಟುವ ಜಾತಿಯ ಕೊಬ್ಬು. ಇದಕ್ಕೆ ಮಾಂಸವೇ ಬೇಕಿಲ್ಲ. ತುಪ್ಪದಲ್ಲಿ ನೂರಕ್ಕೆ ಸುಮಾರು 60 ಪಾಲು, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ, ಕೊಬ್ಬರಿ ಎಣ್ಣೆಯಲ್ಲಿ 80ಕ್ಕೂ ಹೆಚ್ಚು ಪಾಲು ಪರ್ಯಾಪ್ತ ಕೊಬ್ಬೇ. ದಿನಕ್ಕೆ 2000 ಕ್ಯಾಲೊರಿ ಉಣ್ಣುವ ವ್ಯಕ್ತಿಗೆ ಇಂಥ ಕೊಬ್ಬು ಹತ್ತನೆಯ ಒಂದು ಪಾಲನ್ನು, ಎಂದರೆ ಸುಮಾರು 22 ಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಎರಡು ದೊಡ್ಡ ಚಮಚ ತುಪ್ಪದಲ್ಲಿಯೇ 18 ಗ್ರಾಮಿನಷ್ಟು ಮುಗಿದುಹೋಗುತ್ತದೆ. ಹಾಲು, ಗಟ್ಟಿ ಮೊಸರು, ಕಾಯಿತುರಿ, ಬೆಣ್ಣೆ ದೋಸೆಗಳ ಲೆಕ್ಕ ಆಮೇಲಿನದು. ಕಡಲೆಕಾಯಿ ಎಣ್ಣೆಯ ಪೊಟ್ಟಣದ ಮೇಲೆ ‘ಕೊಲೆಸ್ಟರಾಲ್ ರಹಿತ’ ಎಂದು ಅಚ್ಚಾಗಿರುವುದು ಸುಳ್ಳಲ್ಲ. ಆದರೆ ಯಾವ ಸಸ್ಯದ ಎಣ್ಣೆಗೂ ಅದು ಸಲ್ಲುವ ಮಾತಾದುದರಿಂದ ಕೊಳ್ಳುವವರಿಗೆ ಅದರಿಂದ ವಿಶೇಷವೇನೂ ತಿಳಿಯುವುದಿಲ್ಲ.

ವನಸ್ಪತಿಯ ಕಥೆ ಇನ್ನೂ ಕೆಟ್ಟದು. ಎಣ್ಣೆಯನ್ನು ಕೃತಕವಾಗಿ ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಅನ್ನು ಏರಿಸುವುದಲ್ಲದೆ ಎಚ್‌ಡಿಎಲ್ ಅನ್ನು ಇಳಿಸುತ್ತದೆ. ಎಣ್ಣೆ ಮತ್ತು ಕೊಬ್ಬಿನ ಪದಾರ್ಥಗಳಲ್ಲಿ ಇದು ನೂರಕ್ಕೆ 2ನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಬಾಣಲೆಯಲ್ಲಿ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯನ್ನು ನಿಯಮವೊಂದೇ ಶುದ್ಧಿಮಾಡಲಾರದು. ಬೋಂಡ, ಬಜ್ಜಿ, ಪಫ್ಸುಗಳ ವಿಷಯದಲ್ಲಿ ತಿನ್ನುವವರೇ ವಿವೇಕ ತೋರಬೇಕು. ಇದರೊಡನೆ ಬಿಳಿ ಅನ್ನ, ಮೈದಾ, ಸಕ್ಕರೆಗಳು ಮಿತಿಮೀರಿದರೆ ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ಮಾರ್ಪಡಿಸುತ್ತದೆ. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಎಂಬುದು ಭಾರತೀಯರಲ್ಲಿ ಸಾಮಾನ್ಯವಾಗಿ ಕಾಣುವ ಸ್ಥಿತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ 24 ಮಂದಿಯ ಕೊಲೆಸ್ಟರಾಲ್ ಹೆಚ್ಚಿರುವುದು ಕಂಡುಬಂದಿತು.

“ನಮ್ಮ ಅಜ್ಜಂದಿರು ಸೌಟುಗಟ್ಟಲೆ ತುಪ್ಪ ಉಂಡು ತೊಂಬತ್ತು ವರ್ಷ ಬಾಳಲಿಲ್ಲವೇ?” ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ತೊಂಬತ್ತು ಬಾಳಿದ ಅಜ್ಜನು ಮೊಮ್ಮಕ್ಕಳ ನೆನಪಿನಲ್ಲಿದ್ದಾನೆ. ಐವತ್ತಕ್ಕೆ ತೀರಿಕೊಂಡವನನ್ನು ನೆನೆಯಲು ಅವನನ್ನು ಕಂಡವರೇ ಉಳಿದಿಲ್ಲ. ಅಲ್ಲದೆ ಹಿಂದಿನವರ ತುಪ್ಪವು ಹಬ್ಬದ ಹೋಳಿಗೆಗೂ ಹುಗ್ಗಿಗೂ ಮೀಸಲಾಗಿತ್ತು, ಅವರ ದುಡಿಮೆ ದಿನನಿತ್ಯದ್ದಾಗಿತ್ತು. ಪಶ್ಚಿಮ ಬೆಂಗಳೂರಿನ ಇತಿಹಾಸವೇ ಇದಕ್ಕೆ ಸಾಕ್ಷಿ. 1949ರಲ್ಲಿ ರಾಜಾಜಿನಗರ ಬಡಾವಣೆಯು ಆರಂಭವಾದಾಗ ಅದು ಕಾರ್ಖಾನೆಗಳ ನೆರೆಯ ದುಡಿಯುವವರ ಊರಾಗಿತ್ತು. ಬಿನ್ನಿ ಮಿಲ್ಲಿನ ಪಾಳಿಗೂ ಸಾಬೂನು ಕಾರ್ಖಾನೆಯ ಕೆಲಸಕ್ಕೂ ಜನರು ಕಾಲ್ನಡಿಗೆಯಲ್ಲಿ, ಬೈಸಿಕಲ್ಲಿನಲ್ಲಿ ಹೋಗುತ್ತಿದ್ದರು. ಕೆಂಗೇರಿ ಸೀಮೆಯಲ್ಲಿ ರಾಗಿ ಹೊಲಗಳಿದ್ದವು; ಕೂಲಿಯಾಳೂ ಒಡೆಯನೂ ಮುದ್ದೆ, ಹುರುಳಿ ಸಾರು ಉಣ್ಣುತ್ತಿದ್ದರು. ಇಂದು ಆ ಹೊಲಗಳಲ್ಲಿ ಬಡಾವಣೆಗಳೆದ್ದಿವೆ, ಪೀಠೋಪಕರಣದ ಮುಂದೆ ಕುಳಿತು ಮಾಡುವ ಕೆಲಸ ಬಂದಿದೆ, ಹಬ್ಬದ ಊಟವು ವಾರದ ಊಟವಾಗಿದೆ. ತುಪ್ಪದ ಗುಣವು ಅಂದಿಗೂ ಇಂದಿಗೂ ಒಂದೇ. ಅದನ್ನು ಅರಗಿಸುತ್ತಿದ್ದ ದುಡಿಮೆ ಮಾಯವಾಗಿದೆ.

ಹಾಗಾದರೆ ಸಹಜ ಮಾರ್ಗದಿಂದ ಕೊಲೆಸ್ಟರಾಲನ್ನು ಇಳಿಸಬಹುದೇ? ನಿಶ್ಚಯವಾಗಿಯೂ ಇಳಿಸಬಹುದು, ಆದರೆ ಅದಕ್ಕೊಂದು ಅಳತೆಯಿದೆ. ಆ ಅಳತೆಯನ್ನು ಅರಿತವರಿಗೆ ಮಾತ್ರ ಸಹಜ ಮಾರ್ಗವು ಫಲ ಕೊಡುತ್ತದೆ.

ಮೊದಲನೆಯದು ಕರಗುವ ನಾರು. ಕಾಳುಗಳಲ್ಲಿ, ಓಟ್ಸ್ ಮತ್ತು ಜವೆಗೋಧಿಯಲ್ಲಿ, ಮೆಂತ್ಯದಲ್ಲಿ, ಬೆಂಡೆಕಾಯಿಯಲ್ಲಿ, ಸೀಬೆ ಮೊದಲಾದ ಹಣ್ಣುಗಳಲ್ಲಿ ಈ ನಾರಿದೆ. ಇದು ಕರುಳಿನಲ್ಲಿ ಲೋಳೆಯಂತಾಗಿ ಪಿತ್ತರಸವನ್ನು ಹಿಡಿದು ಮಲದೊಡನೆ ಹೊರಗೆ ಸಾಗಿಸುತ್ತದೆ. ಕಳೆದುಹೋದ ಪಿತ್ತರಸವನ್ನು ಹೊಸದಾಗಿ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲನ್ನು ಸೆಳೆದುಕೊಳ್ಳಲೇಬೇಕಾಗುತ್ತದೆ. ದಿನಕ್ಕೊಂದು ಬಟ್ಟಲು ಬೇಯಿಸಿದ ಕಾಳು ಎಲ್‌ಡಿಎಲ್ ಅನ್ನು ನೂರಕ್ಕೆ 5ರಷ್ಟು ಇಳಿಸಬಲ್ಲದೆಂಬುದು ಪ್ರಯೋಗಗಳಿಂದ ತಿಳಿದಿದೆ. ಹುರುಳಿ, ಹೆಸರು, ಅವರೆ, ಅಲಸಂದೆಗಳನ್ನು ಬಲ್ಲ ಅಡಿಗೆಮನೆಗೆ ಇದೇನೂ ಹೊಸ ವ್ರತವಲ್ಲ. ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯವರು 2021ರಲ್ಲಿ ಹತ್ತೊಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಿರಿಧಾನ್ಯಗಳನ್ನು ಉಂಡವರಲ್ಲಿ ಒಟ್ಟು ಕೊಲೆಸ್ಟರಾಲ್ ನೂರಕ್ಕೆ 8ರಷ್ಟು ಇಳಿದಿದ್ದಿತು. ರಾಗಿಯ ಮುದ್ದೆಯೂ ಜೋಳದ ರೊಟ್ಟಿಯೂ ಬಿಳಿ ಅನ್ನದ ಜಾಗದಲ್ಲಿ ಬಂದರೆ ಪ್ರಯೋಜನವಿದೆ. ಅನ್ನದ ಮೇಲೆ ಹೆಚ್ಚುವರಿಯಾಗಿ ಬಂದರೆ ತೂಕ ಮಾತ್ರ ಹೆಚ್ಚೀತು.

ಎರಡನೆಯದು ಎಣ್ಣೆಯ ಮಿತಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರು ಸಾಕೆಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ನಾಲ್ವರ ಸಂಸಾರವು ತಿಂಗಳಿಗೆ ಎಷ್ಟು ಎಣ್ಣೆ ತರುತ್ತದೆಂಬುದನ್ನು ಕಿರಾಣಿ ಅಂಗಡಿಯ ಚೀಟಿಯೇ ಹೇಳುತ್ತದೆ. ಎರಡು ಲೀಟರನ್ನು ಮೀರಿದ್ದರೆ ಎಲ್ಲಿ ತಗ್ಗಿಸಬೇಕೆಂದು ಮನೆಯವರೆಲ್ಲ ಕೂಡಿ ಯೋಚಿಸಬೇಕು. ತುಪ್ಪ, ಬೆಣ್ಣೆಗಳೂ ಇದೇ ಲೆಕ್ಕದೊಳಗೆ ಬರಬೇಕು. ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದವರ ಮನೆಗಳಲ್ಲಿ ಅಗಸೆಯ ಚಟ್ನಿಪುಡಿ, ಗುರೆಳ್ಳಿನ ಪುಡಿ, ಶೇಂಗಾ ಹಿಂಡಿಗಳು ಈಗಲೂ ಇವೆ. ಇವುಗಳ ಕೊಬ್ಬು ಬಹುಮಟ್ಟಿಗೆ ಅಪರ್ಯಾಪ್ತ ಜಾತಿಯದು. ತುಪ್ಪದ ಬದಲಿಗೆ ರೊಟ್ಟಿಯೊಡನೆ ಹಿತಮಿತವಾಗಿ ಬಂದರೆ ಒಳಿತೇ.

ಮೂರನೆಯದು ನಡಿಗೆ. ವಾರಕ್ಕೆ 150 ನಿಮಿಷಗಳ ಬಿರುಸಾದ ನಡಿಗೆಯು ಟ್ರೈಗ್ಲಿಸರೈಡನ್ನು ಇಳಿಸುತ್ತದೆ, ಎಚ್‌ಡಿಎಲ್ ಅನ್ನು ತುಸು ಏರಿಸುತ್ತದೆ, ತೂಕವನ್ನೂ ರಕ್ತದೊತ್ತಡವನ್ನೂ ಹದದಲ್ಲಿಡುತ್ತದೆ. ಎಲ್‌ಡಿಎಲ್ ಮೇಲೆ ಅದರ ಪ್ರಭಾವ ಅಲ್ಪವೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. 2014ರಲ್ಲಿ ರಾಜಾಜಿನಗರಕ್ಕೂ, 2015ರಲ್ಲಿ ವಿಜಯನಗರಕ್ಕೂ, 2021ರಲ್ಲಿ ಕೆಂಗೇರಿಗೂ ಮೆಟ್ರೊ ರೈಲು ಬಂದಿತು. ಮನೆಯಿಂದ ನಿಲ್ದಾಣದವರೆಗೆ ಆಟೊ ಹತ್ತದೆ ನಡೆದು ಹೋಗಿ ಬರುವವರಿಗೆ ದಿನದ ವ್ಯಾಯಾಮದ ಬಹುಪಾಲು ಅಲ್ಲಿಯೇ ಮುಗಿಯುತ್ತದೆ. ತಂಬಾಕನ್ನು ತೊರೆಯುವುದಂತೂ ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ.

ಬೆಳ್ಳುಳ್ಳಿ, ಅರಿಸಿನ, ನೆಲ್ಲಿಕಾಯಿಗಳ ವಿಚಾರವಾಗಿ ಮನೆಮನೆಯಲ್ಲಿ ಮಾತಿದೆ. ಇವು ಒಳ್ಳೆಯ ಆಹಾರಗಳೇ ಸರಿ. ಆದರೆ ಬೆಳ್ಳುಳ್ಳಿಯ ಗುಣವು ಸ್ವಲ್ಪಮಟ್ಟಿನದು, ತುಪ್ಪದ ಭಾರವನ್ನು ಅದು ಒಂದೇ ಹೊರಲಾರದು.

ಈಗ ಅಧ್ಯಾಪಕರಿಗೆ ಪ್ರಿಯವಾದ ಗಣಿತಕ್ಕೆ ಬರಬಹುದು. ಊಟ, ನಾರು, ತೂಕ ಇವೆಲ್ಲವನ್ನೂ ಶ್ರದ್ಧೆಯಿಂದ ಪಾಲಿಸಿದವರಲ್ಲಿ ಎಲ್‌ಡಿಎಲ್ ಸಾಮಾನ್ಯವಾಗಿ ನೂರಕ್ಕೆ 10ರಿಂದ 15ರಷ್ಟು ಇಳಿಯುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ 115 ಮಿಲಿಗ್ರಾಮಿನಷ್ಟಿದ್ದವರಿಗೆ ಅದು 98ಕ್ಕೆ ಬರಬಹುದು; ಬೇರೆ ರೋಗವಿಲ್ಲದಿದ್ದರೆ ಅಷ್ಟು ಸಾಕು. ಭಾರತೀಯ ಹೃದ್ರೋಗತಜ್ಞರ ಸಂಘವು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಜನರ ಎಲ್‌ಡಿಎಲ್ 100ಕ್ಕಿಂತಲೂ, ಮಧುಮೇಹ ಅಥವಾ ರಕ್ತದೊತ್ತಡದಂಥ ಹೆಚ್ಚಿನ ಅಪಾಯವುಳ್ಳವರದು 70ಕ್ಕಿಂತಲೂ, ಒಮ್ಮೆ ಹೃದಯಾಘಾತವಾದವರದು 55ಕ್ಕಿಂತಲೂ ಕೆಳಗಿರಬೇಕು. ಇನ್ನು 190 ಇದ್ದವರು ಅದೇ ಶ್ರದ್ಧೆಯಿಂದ ನಡೆದುಕೊಂಡರೂ ಸುಮಾರು 160ರಲ್ಲಿ ನಿಲ್ಲುತ್ತಾರೆ. ಅವರ ಶ್ರದ್ಧೆಯಲ್ಲಿ ಕೊರತೆಯಿಲ್ಲ. ರೋಗದ ಪ್ರಮಾಣವು ಪಥ್ಯದ ಶಕ್ತಿಯನ್ನು ಮೀರಿದೆ. ಲೋಕದಲ್ಲಿ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಕೊಲೆಸ್ಟರಾಲಿನ ಏರಿಕೆಯು ತಂದೆತಾಯಿಗಳಿಂದಲೇ ಬಂದಿರುತ್ತದೆ. ಇವರಲ್ಲಿ ಬಹುಮಟ್ಟಿಗೆ ಮೇಲೆ ಹೇಳಿದ ಗ್ರಾಹಕಗಳದೇ ದೋಷ. ಇಂಥವರು ಎಷ್ಟು ಮುದ್ದೆ ಉಂಡರೂ ಔಷಧವಿಲ್ಲದೆ ನೀಗದು. ಥೈರಾಯ್ಡ್ ಗ್ರಂಥಿಯ ಮಾಂದ್ಯದಿಂದಲೂ ಕೊಲೆಸ್ಟರಾಲ್ ಏರಬಹುದು. ಮುಟ್ಟು ನಿಂತ ಬಳಿಕ ಸ್ತ್ರೀಯರಲ್ಲಿ ಅದು ಏರುವುದು ಸಾಮಾನ್ಯ.

ಹೀಗಿರುವಾಗ “ಇಂಗ್ಲಿಷ್ ಮಾತ್ರೆ ಬೇಡ, ಸಹಜವಾದುದೇ ಇರಲಿ” ಎಂದು ವೈದ್ಯರು ಕೊಟ್ಟ ಔಷಧವನ್ನು ನಡುವೆಯೇ ನಿಲ್ಲಿಸುವ ಪ್ರವೃತ್ತಿಯು ಖೇದಕರವಾದುದು. ಈ ಮಾತ್ರೆಗಳ ಹುಟ್ಟನ್ನು ಅರಿತರೆ ಆ ವಿರೋಧವು ತಾನಾಗಿ ಸಡಿಲವಾದೀತು. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿಯು ಸಾವಿರಾರು ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ, ಕೊನೆಗೆ 1973ರಲ್ಲಿ ಸ್ಟಾಟಿನ್ ಜಾತಿಯ ಮೊದಲ ವಸ್ತುವನ್ನು ಪಡೆದದ್ದು ಕ್ಯೋಟೊ ನಗರದ ಧಾನ್ಯದ ಅಂಗಡಿಯ ಅಕ್ಕಿಯಲ್ಲಿ ಬೆಳೆದಿದ್ದ ಬೂಷ್ಟಿನಿಂದ. ಆ ಬೂಷ್ಟಿನ ರಸವು ಯಕೃತ್ತಿನ ತಯಾರಿಕೆಗೆ ತಡೆಯೊಡ್ಡುತ್ತಿತ್ತು. ಆಗ ಯಕೃತ್ತು ಗ್ರಾಹಕಗಳನ್ನು ಹೆಚ್ಚಿಸಿಕೊಂಡು ರಕ್ತದ ಎಲ್‌ಡಿಎಲ್ ಅನ್ನು ಸೆಳೆದುಕೊಳ್ಳುತ್ತಿತ್ತು. 1987ರಿಂದ ರೋಗಿಗಳಿಗೆ ದೊರೆಯುತ್ತ ಬಂದಿರುವ ಈ ವರ್ಗದ ಔಷಧಗಳು ಎಲ್‌ಡಿಎಲ್ ಅನ್ನು ನೂರಕ್ಕೆ 30ರಿಂದ 50ರಷ್ಟು ಇಳಿಸುತ್ತವೆ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕೆಲವರಿಗೆ ಸ್ನಾಯುನೋವು ಬರುವುದುಂಟು. ಆಗ ವೈದ್ಯರನ್ನು ಕೇಳಿ ಬೇರೆ ಪ್ರಮಾಣವನ್ನೋ ಬೇರೆ ಔಷಧವನ್ನೋ ಪಡೆಯಬೇಕಲ್ಲದೆ ತಾವಾಗಿ ನಿಲ್ಲಿಸಕೂಡದು. ಔಷಧ ಬಂದಿತೆಂದು ಪಥ್ಯ ಬಿಡುವುದೂ ಅಷ್ಟೇ ಅವಿವೇಕ.

ಸಹಜ ಮಾರ್ಗವಾಗಲಿ ಔಷಧಮಾರ್ಗವಾಗಲಿ ಎರಡಕ್ಕೂ ಹೆಬ್ಬಾಗಿಲು ರಕ್ತಪರೀಕ್ಷೆ. ಈ ಬಾಗಿಲನ್ನು ನಮ್ಮ ಜನ ಭಯ ಬಂದಾಗ ಮಾತ್ರ ತಟ್ಟುತ್ತಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದಾಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಜನ ಕಿಕ್ಕಿರಿದರು. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗಲೂ ಹಾಗೆಯೇ ಆಯಿತು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರವು ನೇಮಿಸಿದ ಸಮಿತಿಯು, ಅಲ್ಲಿ ಸಾವುಗಳು ಅಸಹಜವಾಗಿ ಏರಿಲ್ಲವೆಂದೂ, ತೀರಿಕೊಂಡವರಲ್ಲಿ ಅನೇಕರಿಗೆ ಹೃದ್ರೋಗಕ್ಕೆ ದಾರಿಮಾಡುವ ಕಾರಣಗಳು ಮೊದಲೇ ಇದ್ದವೆಂದೂ ವರದಿಯಿತ್ತಿತು. ಮೊದಲೇ ಇದ್ದುದನ್ನು ಮೊದಲೇ ಅಳೆದಿದ್ದರೆ ಎಂಬ ಪ್ರಶ್ನೆಯನ್ನು ಆ ವರದಿಯು ಓದುಗರ ಮುಂದಿಡುತ್ತದೆ. ಅದೇ ಜಯದೇವ ಸಂಸ್ಥೆಯಲ್ಲಿ 40 ವರ್ಷ ಮೀರದ ಹೃದ್ರೋಗಿಗಳಿಗಾಗಿಯೇ 2017ರಿಂದ ಪ್ರತ್ಯೇಕ ದಾಖಲೆಯನ್ನು ಇಡಬೇಕಾಗಿ ಬಂದಿರುವುದು ಈ ಪ್ರಶ್ನೆಯ ತೀವ್ರತೆಯನ್ನು ತೋರಿಸುತ್ತದೆ. ಹದಿನೆಂಟರ ವಯಸ್ಸಿನಲ್ಲಿಯೇ ಒಮ್ಮೆ ಪರೀಕ್ಷೆ ಆಗಬೇಕೆಂದೂ, ಮೊದಲ ಪರೀಕ್ಷೆಗೆ ಉಪವಾಸವಿರಬೇಕಾಗಿಲ್ಲವೆಂದೂ 2024ರ ಮಾರ್ಗಸೂಚಿಯು ಹೇಳುತ್ತದೆ. ಮನೆಯಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹೃದಯಾಘಾತಕ್ಕೆ ತುತ್ತಾಗಿದ್ದರೆ ಅದಕ್ಕೂ ಮೊದಲೇ ಆಗಬೇಕು.

ವಿದ್ಯಾಸಂಸ್ಥೆಯೊಂದು ಈ ದಿಸೆಯಲ್ಲಿ ಏನು ಮಾಡಬಹುದು? ಮೊದಲನೆಯದಾಗಿ, ವಾರ್ಷಿಕೋತ್ಸವದ ವಾರದಲ್ಲಿ ಅಧ್ಯಾಪಕರಿಗೂ, ಕಚೇರಿಯ ಮತ್ತು ಅಡಿಗೆಮನೆಯ ಸಿಬ್ಬಂದಿಗೂ, ಹಳೆಯ ವಿದ್ಯಾರ್ಥಿಗಳಿಗೂ ರಕ್ತಪರೀಕ್ಷೆಯ ಏರ್ಪಾಡು ಮಾಡಬಹುದು. ಹಳೆಯ ವಿದ್ಯಾರ್ಥಿಗಳ ಪೈಕಿ ವೈದ್ಯರಿಲ್ಲದ ಶಾಲೆ ಪಶ್ಚಿಮ ಬೆಂಗಳೂರಿನಲ್ಲಿ ವಿರಳ. ಬಂದ ಅಂಕಿಗಳ ಅರ್ಥವನ್ನು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ, ಗುಟ್ಟು ಬಿಡದೆ ತಿಳಿಸುವ ಹೊಣೆಯನ್ನು ಅವರು ಹೊರಬಹುದು. ಎರಡನೆಯದಾಗಿ, ಆಟದ ಮೈದಾನವನ್ನು ಕಟ್ಟಡಕ್ಕೆ ಬಿಟ್ಟುಕೊಡದೆ ಕಾಪಾಡಿಕೊಳ್ಳಬಹುದು.

ಮೂರನೆಯ ಮಾತು ದಾನಿಗಳನ್ನು ಕುರಿತದ್ದು; ಆದುದರಿಂದ ಸಂಕೋಚದಿಂದಲೇ ಹೇಳಬೇಕಾದುದು. ತಂದೆತಾಯಿಗಳ ಪುಣ್ಯಸ್ಮರಣೆಗೆಂದು ಪ್ರಸಾದ ನಿಲಯದ ಮಕ್ಕಳಿಗೆ ಸಿಹಿಯೂಟ ಮಾಡಿಸುವುದು, ತುಪ್ಪದ ಡಬ್ಬಿಗಳನ್ನು ಒಪ್ಪಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಬಡತನದ ದಿನಗಳಲ್ಲಿ, ವರ್ಷಕ್ಕೊಮ್ಮೆ ತುಪ್ಪ ಕಾಣುತ್ತಿದ್ದ ಮಗುವಿಗೆ ಅದು ನಿಜವಾದ ದಾಸೋಹವೇ ಆಗಿತ್ತು. ದಾನಿಗಳು ಹೆಚ್ಚಿ, ವಾರಕ್ಕೆ ಎರಡು ಮೂರು ಸಲ ಸಿಹಿಯೂಟವಾಗುವ ನಿಲಯದಲ್ಲಿ ಅದೇ ದಾನವು ಮಕ್ಕಳಿಗೆ ತುಪ್ಪ ಸಕ್ಕರೆಗಳ ರೂಢಿಯನ್ನು ಕಲಿಸುತ್ತದೆ. ಹತ್ತನೆಯ ವಯಸ್ಸಿನ ನಾಲಗೆಯ ರುಚಿಯು ನಲವತ್ತರ ರಕ್ತನಾಳದಲ್ಲಿ ಫಲ ಕೊಡುತ್ತದೆಂಬುದನ್ನು ಮನಗಾಣಬೇಕು. ಒಂದು ಡಬ್ಬಿ ತುಪ್ಪದ ಹಣಕ್ಕೆ ಚೀಲಗಟ್ಟಲೆ ರಾಗಿ ಬರುತ್ತದೆ. ಇಲ್ಲವೆ ತಿಂಗಳಿಗಾಗುವಷ್ಟು ಕಾಳು, ಸೊಪ್ಪು, ಹಣ್ಣು ಬರುತ್ತದೆ. ದಾನಿಯ ಹೆಸರು ಫಲಕದ ಮೇಲೆ ಅದೇ ಗೌರವದಿಂದ ಏರುತ್ತದೆ. ಹಬ್ಬದ ಹೋಳಿಗೆಯನ್ನು ಹಬ್ಬಕ್ಕೇ ಉಳಿಸಿದರೆ ಅದರ ಸವಿಯೂ ಹೆಚ್ಚುತ್ತದೆ.

ಊಟವಿತ್ತವರ ಪ್ರೀತಿಯಲ್ಲಿ ಎಂದೂ ಕೊರತೆಯಿರಲಿಲ್ಲ. ಉಂಡವನು ತನ್ನ ಮಕ್ಕಳ ಮದುವೆಯನ್ನು ಕಂಡು, ತನ್ನ ಶಾಲೆಯ ಮುಂದಿನ ಉತ್ಸವಗಳಿಗೂ ಬರುವಂತಾಗಬೇಕಾದರೆ ಆ ಪ್ರೀತಿಗೆ ಇಂದಿನ ಅರಿವೂ ಜೊತೆಗೂಡಬೇಕು. ವರ್ಷಕ್ಕೊಮ್ಮೆಯಾದರೂ ಒಂದು ಹನಿ ರಕ್ತವನ್ನು ಪರೀಕ್ಷೆಗೆ ಕೊಡುವುದರಿಂದ ಈ ಕಾರ್ಯಕ್ಕೆ ಮೊದಲಾಗಲಿ.